ಗೇಮಿಂಗ್ ಮಾನಿಟರ್ ಕೊಳ್ಳುವ ಮುನ್ನ ಈ ಅಂಶಗಳು ಗೊತ್ತಿರಲಿ

ಗೇಮಿಂಗ್‌ಗೆಂದು ಹೊಸ ಎಲ್‌ಸಿಡಿ ಮಾನಿಟರ್ ಕೊಳ್ಳಲು ಹೊರಟವರ ಕಣ್ಣಿಗೆ ಮೊದಲು ಬೀಳುವುದು ಡಬ್ಬಿಯ ಮೇಲಿನ ದೊಡ್ಡ ಅಂಕಿಗಳು: 240 ಹರ್ಟ್ಸ್, 1 ಮಿಲಿಸೆಕೆಂಡ್, 4ಕೆ. ಆದರೆ ಆಟದ ಚಿತ್ರಗಳನ್ನು ಸಿದ್ಧಪಡಿಸುವುದು ಮಾನಿಟರ್ ಅಲ್ಲ, ಕಂಪ್ಯೂಟರ್ ಒಳಗಿನ ಗ್ರಾಫಿಕ್ಸ್ ಕಾರ್ಡ್. ಅದರ ಸಾಮರ್ಥ್ಯಕ್ಕೆ ಹೊಂದದ ಮಾನಿಟರ್ ತಂದರೆ ಹೆಚ್ಚುವರಿಯಾಗಿ ಕೊಟ್ಟ ಹಣ ವ್ಯರ್ಥ.

ರೆಸಲ್ಯೂಷನ್ ಎಷ್ಟಿರಬೇಕು?

ಫುಲ್ ಎಚ್‌ಡಿ (1920×1080) ಪರದೆಯಲ್ಲಿ ಸುಮಾರು 20.7 ಲಕ್ಷ ಪಿಕ್ಸೆಲ್‌ಗಳಿರುತ್ತವೆ. 2560×1440 ಪರದೆಯಲ್ಲಿ ಈ ಸಂಖ್ಯೆ ಸುಮಾರು 36.9 ಲಕ್ಷ, 4ಕೆ ಪರದೆಯಲ್ಲಿ ಸುಮಾರು 83 ಲಕ್ಷ. ಅಂದರೆ 4ಕೆ ಪರದೆಗೆ ಗ್ರಾಫಿಕ್ಸ್ ಕಾರ್ಡ್ ಫುಲ್ ಎಚ್‌ಡಿಯ ನಾಲ್ಕು ಪಟ್ಟು ಪಿಕ್ಸೆಲ್‌ಗಳನ್ನು ತುಂಬಬೇಕು. ಸಾಧಾರಣ ಕಾರ್ಡ್ ಇದ್ದರೆ ಆಟ ತಡವರಿಸುವುದು ಖಚಿತ. ಅಂಥವರಿಗೆ 24 ಇಂಚಿನ ಫುಲ್ ಎಚ್‌ಡಿ ಸಾಕು. 27 ಇಂಚಿಗೆ ಹೋದರೆ ಫುಲ್ ಎಚ್‌ಡಿಯಲ್ಲಿ ಅಕ್ಷರಗಳ ಅಂಚು ಒರಟಾಗಿ ಕಾಣುತ್ತದೆ. ಆ ಗಾತ್ರಕ್ಕೆ 1440 ಸೂಕ್ತ.

ರಿಫ್ರೆಶ್ ರೇಟ್ ಲೆಕ್ಕಾಚಾರ

ಒಂದು ಸೆಕೆಂಡಿನಲ್ಲಿ ಪರದೆ ಎಷ್ಟು ಬಾರಿ ಹೊಸ ಚಿತ್ರ ತೋರಿಸುತ್ತದೆ ಎಂಬುದೇ ರಿಫ್ರೆಶ್ ರೇಟ್. 60 ಹರ್ಟ್ಸ್‌ನಲ್ಲಿ ಪ್ರತಿ 16.7 ಮಿಲಿಸೆಕೆಂಡಿಗೆ ಒಂದು ಚಿತ್ರ ಬಂದರೆ, 144 ಹರ್ಟ್ಸ್‌ನಲ್ಲಿ 6.9 ಮಿಲಿಸೆಕೆಂಡಿಗೆ, 240 ಹರ್ಟ್ಸ್‌ನಲ್ಲಿ 4.2 ಮಿಲಿಸೆಕೆಂಡಿಗೆ ಬರುತ್ತದೆ. ಮೊದಲ ಜಿಗಿತದಲ್ಲಿ ಉಳಿಯುವುದು ಸುಮಾರು 10 ಮಿಲಿಸೆಕೆಂಡ್, ಎರಡನೆಯದರಲ್ಲಿ 3ಕ್ಕೂ ಕಡಿಮೆ. ಹೀಗಾಗಿ 60ರಿಂದ 144ಕ್ಕೆ ಬಂದಾಗ ವ್ಯತ್ಯಾಸ ಎದ್ದು ಕಾಣುತ್ತದೆ. ಅದರಾಚೆಗಿನ ಲಾಭ ಮುಖ್ಯವಾಗಿ ಸ್ಪರ್ಧಾತ್ಮಕ ಶೂಟಿಂಗ್ ಆಟಗಳನ್ನು ಆಡುವವರಿಗೆ.

'1 ಮಿಲಿಸೆಕೆಂಡ್' ಎಂದರೇನು?

ಪಿಕ್ಸೆಲ್ ಒಂದು ಬಣ್ಣದಿಂದ ಇನ್ನೊಂದಕ್ಕೆ ಬದಲಾಗಲು ಬೇಕಾದ ಸಮಯವೇ ರೆಸ್ಪಾನ್ಸ್ ಟೈಮ್. ಇದನ್ನು ಜಿಟಿಜಿ ಎಂದು ನಮೂದಿಸುತ್ತಾರೆ. ಎಂಪಿಆರ್‌ಟಿ ಎಂದಿದ್ದರೆ ಅದು ಬೇರೆಯೇ ಅಳತೆ. ಹಿಂಬದಿ ದೀಪವನ್ನು ಮಿಣುಕಿಸಿ ಮಸುಕು ಕಡಿಮೆ ಮಾಡಿದಾಗ ಸಿಗುವ ಅಂಕಿ ಅದು. ಆ ವಿಧಾನದಲ್ಲಿ ಪರದೆಯ ಬೆಳಕೂ ತಗ್ಗುತ್ತದೆ. ಹಾಗಾಗಿ ಎರಡು ಡಬ್ಬಿಗಳ ಮೇಲಿನ '1 ಮಿಲಿಸೆಕೆಂಡ್' ಒಂದೇ ಆಗಿರಬೇಕೆಂದೇನಿಲ್ಲ.

ಯಾವ ಪ್ಯಾನೆಲ್ ಉತ್ತಮ?

ಐಪಿಎಸ್ ಪ್ಯಾನೆಲ್‌ನಲ್ಲಿ ಬಣ್ಣಗಳು ಯಾವ ಬದಿಯಿಂದ ನೋಡಿದರೂ ಹೆಚ್ಚು ಬದಲಾಗವು, ಆದರೆ ಕಪ್ಪು ತುಸು ಬೂದಿಯಾಗಿ ಕಾಣುತ್ತದೆ. ವಿಎ ಪ್ಯಾನೆಲ್‌ನಲ್ಲಿ ಕಪ್ಪು ಗಾಢ. ಕತ್ತಲೆ ದೃಶ್ಯಗಳ ಆಟಕ್ಕೆ ಅದು ಚೆನ್ನ. ಆದರೆ ಅಗ್ಗದ ವಿಎ ಪರದೆಗಳಲ್ಲಿ ಕತ್ತಲೆಯಲ್ಲಿ ಚಲಿಸುವ ವಸ್ತುಗಳ ಹಿಂದೆ ಮಸುಕು ಎಳೆದಂತಾಗುತ್ತದೆ. ಟಿಎನ್ ವೇಗದ್ದಾದರೂ ಬದಿಯಿಂದ ನೋಡಿದರೆ ಬಣ್ಣ ಕೆಡುತ್ತದೆ.

ಫ್ರೀಸಿಂಕ್ ಅಥವಾ ಜಿ-ಸಿಂಕ್ ಸೌಲಭ್ಯ ಇದೆಯೇ ಎಂಬುದನ್ನು ಮರೆಯದೆ ನೋಡಬೇಕು. ಕಾರ್ಡ್ ಚಿತ್ರ ಕೊಡುವ ವೇಗಕ್ಕೆ ಮಾನಿಟರ್ ತನ್ನ ವೇಗವನ್ನು ಹೊಂದಿಸಿಕೊಳ್ಳುವುದರಿಂದ ಪರದೆಯಲ್ಲಿ ಚಿತ್ರ ಹರಿದಂತೆ ಕಾಣುವುದು ತಪ್ಪುತ್ತದೆ. 2019ರಿಂದ ಎನ್‌ವಿಡಿಯಾದ ಹೊಸ ಪೀಳಿಗೆಯ ಕಾರ್ಡ್‌ಗಳೂ ಹಲವು ಫ್ರೀಸಿಂಕ್ ಮಾನಿಟರ್‌ಗಳೊಂದಿಗೆ ಕೆಲಸ ಮಾಡುತ್ತವೆ.

ಮನೆಗೆ ತಂದ ಮೇಲೆ

ಬಹಳಷ್ಟು ಜನ ಎಡವುವುದು ಇಲ್ಲಿಯೇ. 144 ಹರ್ಟ್ಸ್ ಮಾನಿಟರ್ ಜೋಡಿಸಿದರೂ ವಿಂಡೋಸ್ ಅದನ್ನು 60 ಹರ್ಟ್ಸ್‌ನಲ್ಲೇ ನಡೆಸುತ್ತಿರಬಹುದು. ಸೆಟ್ಟಿಂಗ್ಸ್‌ನ ಡಿಸ್‌ಪ್ಲೇ ವಿಭಾಗದಲ್ಲಿ ಅಡ್ವಾನ್ಸ್ಡ್ ಡಿಸ್‌ಪ್ಲೇ ತೆರೆದು ಪೂರ್ಣ ವೇಗವನ್ನು ಆರಿಸಬೇಕು. ಕೇಬಲ್ ಅನ್ನು ಮದರ್‌ಬೋರ್ಡ್‌ಗಲ್ಲ, ಗ್ರಾಫಿಕ್ಸ್ ಕಾರ್ಡ್‌ಗೇ ಚುಚ್ಚಬೇಕು. ಸಾಧ್ಯವಿದ್ದರೆ ಡಿಸ್‌ಪ್ಲೇಪೋರ್ಟ್ ಬಳಸುವುದು ಒಳ್ಳೆಯದು. ಪರದೆಯನ್ನು ಪೂರ್ತಿ ಬಿಳಿ, ಪೂರ್ತಿ ಕಪ್ಪು ಮಾಡಿ ಸತ್ತ ಪಿಕ್ಸೆಲ್‌ಗಳಿವೆಯೇ ಎಂದು ಮೊದಲ ದಿನವೇ ಪರೀಕ್ಷಿಸಬೇಕು. ವಾಪಸ್ ಮಾಡುವ ಅವಧಿ ಮುಗಿದ ಮೇಲೆ ಒಂದೆರಡು ಪಿಕ್ಸೆಲ್‌ಗಳಿಗಾಗಿ ಮಾನಿಟರ್ ಬದಲಿಸಿಕೊಳ್ಳುವುದು ಕಷ್ಟ.