ತೂಗುವ ಹಡಗಿನಲ್ಲಿ ತೂಗದ ಕೋಣೆ

ನಿವೃತ್ತ ಮೇಷ್ಟ್ರೊಬ್ಬರು ಹೆಂಡತಿಯನ್ನು ಕರೆದುಕೊಂಡು ನನ್ನ ಕ್ಲಿನಿಕ್ಕಿಗೆ ಬಂದಿದ್ದರು. ಮದುವೆಯಾಗಿ ಐವತ್ತು ವರ್ಷ ತುಂಬಿದ ನೆಪದಲ್ಲಿ ಮುಂಬಯಿಯಲ್ಲಿರುವ ಮಗ ಇಬ್ಬರಿಗೂ ಪ್ರವಾಸಿ ಹಡಗಿನಲ್ಲಿ ಮೂರು ರಾತ್ರಿಯ ಟಿಕೆಟ್ ತೆಗೆಸಿದ್ದ. ಮೇಷ್ಟ್ರ ಮುಖದಲ್ಲಿ ಸಂಭ್ರಮ ಎದ್ದು ಕಾಣುತ್ತಿತ್ತು. ಅಮ್ಮನ ಮುಖದಲ್ಲಿ ಅದರ ಸುಳಿವೂ ಇರಲಿಲ್ಲ.

‘ಆಗುಂಬೆ ಘಾಟಿ ಇಳಿಯೋ ಹೊತ್ತಿಗೆ ನನ್ನ ಕೈಯಲ್ಲಿ ಚೀಲ ಇರಲೇಬೇಕು ಡಾಕ್ಟ್ರೇ. ಇನ್ನು ಸಮುದ್ರದ ಮೇಲೆ ಮೂರು ದಿನ! ಇವರೊಬ್ಬರೇ ಹೋಗಿ ಬರಲಿ ಅಂದರೆ ಮಗ ಕೇಳೋದಿಲ್ಲ. ಏನಾದರೂ ಒಳ್ಳೆ ಮಾತ್ರೆ ಬರೆದುಕೊಡಿ’ ಎಂದರು.

ಹಿಂದಿನ ವರ್ಷವಷ್ಟೇ ಮಗ್ಗುಲು ಬದಲಿಸಿದರೆ ಕೋಣೆಯೇ ಗಿರ್ರನೆ ತಿರುಗುವ ತಲೆಸುತ್ತಿಗೆ ಅವರು ನನ್ನಲ್ಲಿ ಚಿಕಿತ್ಸೆ ಪಡೆದಿದ್ದರು. ಹಾಗಾಗಿ ಮಾತ್ರೆಯ ಚೀಟಿ ಬರೆಯುವ ಮೊದಲು ಒಂದು ಪ್ರಶ್ನೆ ಕೇಳಿದೆ: ‘ಹಡಗಿನಲ್ಲಿ ನಿಮಗೆ ಯಾವ ಕೋಣೆ ಕೊಟ್ಟಿದ್ದಾರೆ?’ ಮೇಷ್ಟ್ರು ಹೆಮ್ಮೆಯಿಂದ ಕಾಗದ ತೆಗೆದು ಮುಂದಿಟ್ಟರು. ಮೇಲಿನ ಅಂತಸ್ತು, ಹಡಗಿನ ತೀರ ಮುಂಭಾಗ, ಬಾಲ್ಕನಿ ಬೇರೆ. ಮಗ ಇದ್ದುದರಲ್ಲಿ ದುಬಾರಿಯಾದದ್ದನ್ನೇ ಹಿಡಿದಿದ್ದ. ಅಮ್ಮನ ತಲೆಸುತ್ತಿಗೆ ಅದಕ್ಕಿಂತ ಕೆಟ್ಟ ಜಾಗ ಆ ಹಡಗಿನಲ್ಲಿ ಸಿಗುವುದು ಕಷ್ಟವಿತ್ತು.

ಈಗ ನಮ್ಮ ಕಡೆಯ ಕುಟುಂಬಗಳಿಗೆ ಹಡಗಿನ ಪ್ರವಾಸ ಅಪರೂಪವೇನಲ್ಲ. 2021ರಿಂದ ಮುಂಬಯಿಯಿಂದ ಗೋವಾ, ಕೊಚ್ಚಿ, ಲಕ್ಷದ್ವೀಪಗಳ ಕಡೆಗೆ ಪ್ರವಾಸಿ ಹಡಗು ಓಡುತ್ತಿದೆ. ಸಿಂಗಪುರಕ್ಕೆ ಹೋದವರು ಅಲ್ಲಿಂದ ಎರಡು-ಮೂರು ರಾತ್ರಿ ಹಡಗು ಹತ್ತಿ ಬರುತ್ತಾರೆ. ಅಮೆರಿಕದಲ್ಲಿ ಮಕ್ಕಳಿರುವವರನ್ನು ಅಲಾಸ್ಕಕ್ಕೋ ಕೆರಿಬಿಯನ್ ದ್ವೀಪಗಳಿಗೋ ಕರೆದೊಯ್ಯುತ್ತಾರೆ. ಟಿಕೆಟ್ ತೆಗೆಯುವಾಗ ಎಲ್ಲರೂ ನೋಡುವುದು ದರ, ಊಟ, ಕಿಟಕಿಯ ನೋಟ. ಮಲಗುವ ಕೋಣೆ ಹಡಗಿನ ಯಾವ ಭಾಗದಲ್ಲಿದೆ ಎಂದು ನೋಡುವವರು ಕಡಿಮೆ. ಸುಲಭವಾಗಿ ವಾಕರಿಕೆ ಬರುವವರ ಮಟ್ಟಿಗೆ ಮೊದಲು ನೋಡಬೇಕಾದದ್ದು ಅದನ್ನೇ.

ಪ್ರಯಾಣದಲ್ಲಿ ವಾಂತಿಯಾದರೆ ನಮ್ಮಲ್ಲಿ ‘ಪಿತ್ತ ಕೆರಳಿತು’ ಎನ್ನುವುದು ವಾಡಿಕೆ. ತೊಂದರೆ ಶುರುವಾಗುವುದು ಹೊಟ್ಟೆಯಲ್ಲಲ್ಲ, ಕಿವಿಯಲ್ಲಿ. ಒಳಕಿವಿಯಲ್ಲಿ ದ್ರವ ತುಂಬಿದ ಮೂರು ಅರ್ಧವೃತ್ತದ ನಾಳಗಳೂ ಅವುಗಳ ಬುಡದಲ್ಲಿ ಸುಣ್ಣದ ಅತಿ ಸಣ್ಣ ಹರಳುಗಳನ್ನು ಹೊತ್ತ ಎರಡು ಪುಟ್ಟ ಚೀಲಗಳೂ ಇವೆ. ದೇಹ ತಿರುಗಿತೇ, ಏರಿತೇ, ಇಳಿಯಿತೇ ಎಂಬುದನ್ನು ಇವು ಕ್ಷಣಕ್ಷಣಕ್ಕೂ ಮಿದುಳಿಗೆ ತಿಳಿಸುತ್ತವೆ. ಹಡಗಿನ ಕೋಣೆಯೊಳಗೆ ಕುಳಿತಾಗ ಕಿವಿ ‘ನಾವು ತೂಗುತ್ತಿದ್ದೇವೆ’ ಎನ್ನುತ್ತದೆ. ಗೋಡೆ, ಮಂಚ, ಮೇಜುಗಳನ್ನು ನೋಡುತ್ತಿರುವ ಕಣ್ಣು ‘ಏನೂ ಅಲುಗಾಡುತ್ತಿಲ್ಲ’ ಎನ್ನುತ್ತದೆ. ಈ ಎರಡು ಸಾಕ್ಷಿಗಳ ಜಗಳವನ್ನು ಮಿದುಳು ಬಗೆಹರಿಸಲಾರದೆ ಹೋದಾಗ ಬೆವರು, ಆಕಳಿಕೆ, ಬಾಯಲ್ಲಿ ನೀರು, ಕೊನೆಗೆ ವಾಂತಿ. ಬಸ್ಸಿನ ಡ್ರೈವರಿಗೆ ಘಾಟಿಯಲ್ಲಿ ವಾಂತಿ ಬಾರದಿರುವುದಕ್ಕೂ ಇದೇ ಕಾರಣ. ಅವನ ಕಣ್ಣು ತಿರುವನ್ನು ಮೊದಲೇ ಕಂಡಿರುತ್ತದೆ.

ಎಲ್ಲ ಕುಲುಕಾಟವೂ ವಾಂತಿ ತರಿಸುವುದಿಲ್ಲ. ಎತ್ತಿನ ಗಾಡಿಯಲ್ಲಿ ಕೂತರೆ ಸೊಂಟ ನೋಯುತ್ತದೆಯೇ ಹೊರತು ಹೊಟ್ಟೆ ತೊಳಸುವುದು ಅಪರೂಪ. ಐದಾರು ಸೆಕೆಂಡಿಗೊಮ್ಮೆ ನಿಧಾನವಾಗಿ ಮೇಲೆದ್ದು ಕೆಳಗಿಳಿಯುವ ಚಲನೆಯೇ ಮನುಷ್ಯನನ್ನು ಹೆಚ್ಚು ಕಾಡುವುದು. ಸಮುದ್ರ ಕೊಡುವುದು ಅದನ್ನೇ.

ಈಗ ಹಡಗಿನ ವಿಚಾರಕ್ಕೆ ಬರೋಣ. ಅಲೆ ಎದುರಾದಾಗ ಹಡಗಿನ ಮೂತಿ ಏಳುತ್ತದೆ, ಬಾಲ ಇಳಿಯುತ್ತದೆ, ಮರುಕ್ಷಣ ತಿರುವುಮುರುವು. ಉದ್ಯಾನದಲ್ಲಿ ಮಕ್ಕಳು ಆಡುವ ಏರಿಳಿತದ ಹಲಗೆಯನ್ನು ನೆನಪು ಮಾಡಿಕೊಳ್ಳಿ. ಎರಡು ತುದಿಯಲ್ಲಿ ಕೂತ ಮಕ್ಕಳು ಗಾಳಿಗೆ ಹಾರಿದಂತೆ ಏಳುತ್ತಾರೆ, ನಡುವೆ ನಿಂತವನು ನಿಂತಲ್ಲೇ ಇರುತ್ತಾನೆ. ನಮ್ಮ ಬಸ್ಸಿನ ಕೊನೆಯ ಸೀಟಿನಲ್ಲಿ ಕೂತು ಹಂಪಿನ ಮೇಲೆ ತಲೆ ತಗಲಿಸಿಕೊಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಡಗಿನ ಉದ್ದ 200 ಮೀಟರ್ ಇದ್ದರೆ ಮೂತಿಯ ಕೋಣೆ ನಡುವಿನಿಂದ ಸುಮಾರು 100 ಮೀಟರ್ ದೂರದಲ್ಲಿರುತ್ತದೆ. ಅಷ್ಟು ಉದ್ದದ ಹಲಗೆಯ ತುದಿಯಲ್ಲಿ ಮಲಗಿದ ಹಾಗೆ.

ಎರಡನೆಯದು ಪಕ್ಕದಿಂದ ಪಕ್ಕಕ್ಕೆ ಹೊರಳುವ ಚಲನೆ. ಗಾಳಿ ಬೀಸುವಾಗ ಅಡಿಕೆ ಮರ ನೋಡಿ. ತಲೆ ಎಷ್ಟು ತೂಗಿದರೂ ಬುಡದ ಹತ್ತಿರ ಅಲುಗಾಟವೇ ಕಾಣದು. ಹಡಗೂ ಹಾಗೆಯೇ, ಅಂತಸ್ತು ಏರಿದಂತೆ ಓಲಾಟ ಹೆಚ್ಚು. ಇಂದಿನ ದೊಡ್ಡ ಪ್ರವಾಸಿ ಹಡಗುಗಳಿಗೆ ನೀರಿನೊಳಗೆ ಮೀನಿನ ರೆಕ್ಕೆಯಂಥ ಫಲಕಗಳಿದ್ದು ಈ ಹೊರಳಾಟವನ್ನು ಬಹಳಷ್ಟು ತಗ್ಗಿಸುತ್ತವೆ. ಆದರೆ ಮೂತಿ-ಬಾಲಗಳ ಏರಿಳಿತಕ್ಕೆ ಅವು ಹೆಚ್ಚೇನೂ ಮಾಡಲಾರವು. ಆದ್ದರಿಂದ ಎರಡರಲ್ಲಿ ಒಂದನ್ನೇ ಆರಿಸಬೇಕಾಗಿ ಬಂದರೆ ‘ಕೆಳಗೆ’ ಎನ್ನುವುದಕ್ಕಿಂತ ‘ನಡುವೆ’ ಎನ್ನುವುದಕ್ಕೇ ನನ್ನ ಮತ. ಎರಡೂ ಕೂಡಿಬಂದರೆ, ಅಂದರೆ ಹಡಗಿನ ನಡುಭಾಗದಲ್ಲಿ, ಪ್ರಯಾಣಿಕರ ಅಂತಸ್ತುಗಳ ಪೈಕಿ ಕೆಳಗಿನದರಲ್ಲಿ ಕೋಣೆ ಸಿಕ್ಕರೆ ಅದಕ್ಕಿಂತ ನೆಮ್ಮದಿಯ ಜಾಗ ಇಲ್ಲ. ಅಲ್ಲಿ ಸಾಮಾನ್ಯವಾಗಿ ದರವೂ ಕಡಿಮೆ. ಹೆಚ್ಚು ಹಣ ಕೊಟ್ಟಷ್ಟೂ ಹೆಚ್ಚು ತೂಗಿಸಿಕೊಳ್ಳುವ ವ್ಯವಹಾರ ಇದೊಂದೇ ಇರಬೇಕು!

ಜೀವವಿಕಾಸದ ಸಿದ್ಧಾಂತ ಕೊಟ್ಟ ಚಾರ್ಲ್ಸ್ ಡಾರ್ವಿನ್ 1831ರಿಂದ 1836ರವರೆಗೆ ‘ಬೀಗಲ್’ ಹಡಗಿನಲ್ಲಿ ಲೋಕ ಸುತ್ತಿದ. ಹಡಗಿನ ಉದ್ದ ಸುಮಾರು 27 ಮೀಟರ್. ಅವನಿಗೆ ಸಿಕ್ಕ ಕೋಣೆ ತೀರ ಹಿಂಬದಿಯದು. ಕಡಲು ಕೆರಳಿದಾಗಲೆಲ್ಲ ವಾಂತಿ ಅವನನ್ನು ಹಣ್ಣು ಮಾಡಿತು. ಒಣದ್ರಾಕ್ಷಿಯೊಂದೇ ಹೊಟ್ಟೆಯಲ್ಲಿ ನಿಲ್ಲುತ್ತದೆ ಎಂದು ತಂದೆಗೆ ಬರೆದ. ಐದು ವರ್ಷ ಕಳೆದರೂ ಈ ತೊಂದರೆ ಅವನನ್ನು ಪೂರ್ತಿ ಬಿಡಲಿಲ್ಲ. ಇನ್ನೊಂದೆಡೆ, 1888ರಲ್ಲಿ ಓದಲೆಂದು ಇಂಗ್ಲೆಂಡಿಗೆ ಹಡಗು ಹತ್ತಿದ ಗಾಂಧೀಜಿ ತಮಗೆ ಕಡಲಬೇನೆ ಆಗಲೇ ಇಲ್ಲ ಎಂದು ಆತ್ಮಕಥೆಯಲ್ಲಿ ಬರೆದಿದ್ದಾರೆ. ಅವರ ತೊಂದರೆಯೆಲ್ಲ ಸಂಕೋಚದ್ದೂ ಊಟದ್ದೂ ಆಗಿತ್ತು. ದೇಹಪ್ರಕೃತಿ ಒಬ್ಬರದು ಒಂದು ಥರ. ಎರಡರಿಂದ ಹನ್ನೆರಡು ವರ್ಷದ ಮಕ್ಕಳು, ಹೆಂಗಸರು, ಅದರಲ್ಲೂ ಗರ್ಭಿಣಿಯರು, ಅರೆತಲೆನೋವಿನವರು, ನಮ್ಮ ಅಮ್ಮನಂತೆ ತಲೆಸುತ್ತಿನ ಇತಿಹಾಸವಿರುವವರು ಹೆಚ್ಚು ಬಳಲುತ್ತಾರೆ. ಹಾಲುಗೂಸುಗಳಿಗೆ ಇದು ಬಾಧಿಸುವುದಿಲ್ಲವೆಂದೇ ಹೇಳಬಹುದು.

ಎರಡು-ಮೂರು ದಿನ ಕಳೆದರೆ ಬಹುತೇಕ ಜನರ ಮಿದುಳು ಈ ತೂಗಾಟಕ್ಕೆ ಒಗ್ಗಿಕೊಳ್ಳುತ್ತದೆ. ಆದರೆ ನಮ್ಮವರು ಹೋಗುವ ಪ್ರವಾಸವೇ ಎರಡು-ಮೂರು ರಾತ್ರಿಯದು! ದೇಹ ಒಗ್ಗುವ ಹೊತ್ತಿಗೆ ಇಳಿಯುವ ಬಂದರು ಬಂದಿರುತ್ತದೆ. ಹತ್ತು ದಿನದ ಪ್ರಯಾಣಕ್ಕಿಂತ ಮೂರು ದಿನದ ಪ್ರಯಾಣದಲ್ಲೇ ಕೋಣೆಯ ಆಯ್ಕೆಗೆ ಹೆಚ್ಚು ತಲೆಕೆಡಿಸಿಕೊಳ್ಳಬೇಕು ಎಂದು ನಾನು ಹೇಳುವುದು ಅದಕ್ಕೇ.

ಕಿಟಕಿ ಬೇಕೇ ಎಂಬ ಪ್ರಶ್ನೆ ಬರುತ್ತದೆ. ಬೇಕು, ಕೈಗೆಟುಕಿದರೆ. ದೂರದ ದಿಗಂತದ ಗೆರೆಯನ್ನು ನೋಡುತ್ತಿದ್ದರೆ ಕಣ್ಣು-ಕಿವಿಗಳ ಜಗಳ ತಣ್ಣಗಾಗುತ್ತದೆ. ಕಿಟಕಿಯೇ ಇಲ್ಲದ ಒಳಕೋಣೆ ಅಗ್ಗ, ಆದರೆ ಹಗಲೆಲ್ಲ ಅದರೊಳಗೇ ಕೂರುವವರಿಗೆ ಹೇಳಿಸಿದ್ದಲ್ಲ. ರಾತ್ರಿ ಕಣ್ಣು ಮುಚ್ಚಿ ಮಲಗಿದ ಮೇಲೆ ಕಿಟಕಿ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಆದ್ದರಿಂದ ಕಡಿಮೆ ಖರ್ಚಿನಲ್ಲಿ ಹೋಗುವವರು ನಡುಭಾಗದ ಒಳಕೋಣೆಯನ್ನು ಧೈರ್ಯವಾಗಿ ಹಿಡಿಯಬಹುದು. ಹಗಲು ಮೇಲಿನ ಬಯಲು ಡೆಕ್ಕಿನಲ್ಲಿ ಗಾಳಿಗೆ ಮುಖವೊಡ್ಡಿ ಕುಳಿತರಾಯಿತು. ಬಾಲ್ಕನಿಯೇ ಬೇಕೆನ್ನುವವರು ಅದನ್ನೂ ನಡುಭಾಗದಲ್ಲೇ ಕೇಳಿ. ‘ಕೋಣೆಯ ಸಂಖ್ಯೆ ಆಮೇಲೆ ತಿಳಿಸುತ್ತೇವೆ’ ಎಂಬ ಷರತ್ತಿನ ಅಗ್ಗದ ಟಿಕೆಟ್ಟುಗಳೂ ಉಂಟು. ಆರೋಗ್ಯವಂತ ಹುಡುಗರಿಗೆ ಅಡ್ಡಿಯಿಲ್ಲ, ವಾಕರಿಕೆಯವರಿಗೆ ಅದು ಜೂಜು.

ತೂಗಾಟದಷ್ಟೇ ನಿದ್ದೆಯೂ ಮುಖ್ಯ. ನಿದ್ದೆಗೆಟ್ಟವನಿಗೆ ವಾಕರಿಕೆ ಬೇಗ ಬರುತ್ತದೆ, ರಕ್ತದೊತ್ತಡವೂ ಏರುತ್ತದೆ. ಪ್ರತಿ ಹಡಗಿಗೂ ಅಂತಸ್ತಿನ ನಕ್ಷೆ ಇರುತ್ತದೆ. ಟಿಕೆಟ್ ಮಾಡಿಸುವವರಿಂದ ಅದನ್ನು ಕೇಳಿ ಪಡೆಯಿರಿ. ಮನೆ ಕಟ್ಟಿಸುವಾಗ ವಾಸ್ತು ನೋಡಲು ತೋರಿಸುವ ಆಸಕ್ತಿಯ ಕಾಲುಭಾಗವನ್ನು ಇದಕ್ಕೆ ತೋರಿಸಿದರೆ ಸಾಕು. ನಿಮ್ಮ ಕೋಣೆಯ ತಲೆಯ ಮೇಲೆ ಈಜುಕೊಳವಿದ್ದರೆ ಬೆಳಗಿನ ಜಾವಕ್ಕೇ ಕುರ್ಚಿ ಎಳೆಯುವ ಸದ್ದು. ಕೆಳಗೆ ನೃತ್ಯಶಾಲೆಯಿದ್ದರೆ ನಡುರಾತ್ರಿಯವರೆಗೆ ಡೋಲು. ತೀರ ಮುಂಭಾಗದಲ್ಲಿ ಲಂಗರಿನ ಸರಪಳಿ ಗಡಗಡಿಸುತ್ತದೆ, ಹಿಂಭಾಗದಲ್ಲಿ ಯಂತ್ರದ ನಡುಕ. ಮೇಲೂ ಕೆಳಗೂ ಇತರರ ಮಲಗುವ ಕೋಣೆಗಳೇ ಇರುವಂಥ ಕೋಣೆ ಉತ್ತಮ. ಲಿಫ್ಟಿನ ಎದುರಿಗೇ ಬೇಡ, ನಾಲ್ಕಾರು ಬಾಗಿಲು ಆಚೆ ಇರಲಿ.

ಮಂಡಿನೋವಿನವರಿಗೆ ಇನ್ನೊಂದು ಮಾತು. ತುದಿಯ ಕೋಣೆಯಿಂದ ಇನ್ನೊಂದು ತುದಿಯ ಊಟದ ಹಾಲಿಗೆ ದಿನಕ್ಕೆ ಮೂರು ಸಲ ಹೋಗಿ ಬರುವುದೆಂದರೆ ಕಿಲೋಮೀಟರಿಗೂ ಮೀರಿದ ನಡಿಗೆ, ಅದೂ ಅಲುಗಾಡುವ ನೆಲದ ಮೇಲೆ. ಹಡಗಿನ ಬಚ್ಚಲ ಬಾಗಿಲಿಗೆ ಎತ್ತರದ ಹೊಸ್ತಿಲಿರುವುದುಂಟು; ರಾತ್ರಿ ಮೂತ್ರಕ್ಕೆಂದು ಎದ್ದ ವೃದ್ಧರು ಎಡವುವುದು ಅಲ್ಲೇ. ಒಳಕೋಣೆಯಲ್ಲಿ ದೀಪ ಆರಿಸಿದರೆ ಹಗಲೂ ಗಾಢ ಕತ್ತಲು. ಬಚ್ಚಲ ದೀಪ ಉರಿಯುತ್ತಿರಲಿ, ದಿಂಬಿನ ಪಕ್ಕ ಟಾರ್ಚ್ ಇರಲಿ. ನಾಲ್ವರ ಕೋಣೆಯಾದರೆ ಏಣಿ ಹತ್ತುವ ಮೇಲಿನ ಮಂಚ ಹಿರಿಯರಿಗೂ ಬೇಡ, ಚಿಕ್ಕ ಮಕ್ಕಳಿಗೂ ಬೇಡ. ಗಾಲಿಕುರ್ಚಿ ಹೋಗುವಂಥ ಅಗಲ ಬಾಗಿಲಿನ ಕೋಣೆಗಳು ಎಣಿಕೆಯವು ಮಾತ್ರ, ಬೇಗ ಕೇಳಬೇಕು. ಅಪಾಯದ ಗಂಟೆ ಬಾರಿಸಿದಾಗ ಲಿಫ್ಟ್ ಬಳಸುವಂತಿಲ್ಲ ಎಂಬುದೂ ನೆನಪಿರಲಿ. ಮೆಟ್ಟಿಲು ಹತ್ತಲಾರದವರು ಅದನ್ನು ಟಿಕೆಟ್ ತೆಗೆಸುವಾಗಲೇ ತಿಳಿಸಿದರೆ ಹಡಗಿನವರು ನೆರವಿಗೆ ಜನರನ್ನು ಗೊತ್ತುಮಾಡುತ್ತಾರೆ. ಇನ್ಸುಲಿನ್ ತೆಗೆದುಕೊಳ್ಳುವವರು ಕೋಣೆಯಲ್ಲಿ ಫ್ರಿಜ್ ಇದೆಯೇ ಎಂದು ವಿಚಾರಿಸಿಕೊಳ್ಳಿ.

ಮಾತ್ರೆಗಳ ಬಗ್ಗೆ ಹೇಳದೆ ಬಿಡುವಂತಿಲ್ಲ. ಪ್ರೊಮೆಥಜೀನ್, ಸಿನ್ನರಿಜೀನ್, ಮೆಕ್ಲಿಜೀನ್, ಡೈಮೆನ್‌ಹೈಡ್ರಿನೇಟ್ ಮೊದಲಾದವು ಕೆಲಸ ಮಾಡುತ್ತವೆ, ಆದರೆ ವಾಂತಿ ಶುರುವಾದ ಮೇಲೆ ನುಂಗಿದರೆ ಪ್ರಯೋಜನ ಅಷ್ಟಕ್ಕಷ್ಟೆ. ಹಡಗು ಹತ್ತುವ ಒಂದೆರಡು ಗಂಟೆ ಮೊದಲೇ ತೆಗೆದುಕೊಳ್ಳಬೇಕು. ಇವೆಲ್ಲ ಹೆಚ್ಚುಕಡಿಮೆ ತೂಕಡಿಕೆ ತರುತ್ತವೆ, ಬಾಯಿ ಒಣಗಿಸುತ್ತವೆ. ಪ್ರಾಸ್ಟೇಟ್ ಗ್ರಂಥಿ ದೊಡ್ಡದಾದ ಗಂಡಸರಿಗೆ ಮೂತ್ರ ಕಟ್ಟಿಕೊಳ್ಳುವ ಭಯವಿದೆ. ಕೆಲವು ಬಗೆಯ ಗ್ಲಾಕೋಮ ಇರುವವರ ಕಣ್ಣಿನ ಒತ್ತಡ ಏರಬಹುದು. ಸಿನ್ನರಿಜೀನ್ ಪಾರ್ಕಿನ್ಸನ್ ಕಾಯಿಲೆಯವರಿಗೆ ಸಲ್ಲದು. ಎರಡು ವರ್ಷದೊಳಗಿನ ಮಕ್ಕಳಿಗೆ ಪ್ರೊಮೆಥಜೀನ್ ಕೊಡಲೇಬಾರದು. ಪಕ್ಕದ ಮನೆಯವರು ಕೊಟ್ಟ ಮಾತ್ರೆಯನ್ನು ಜೇಬಿಗೆ ಹಾಕಿಕೊಂಡು ಹೋಗುವ ವಿಷಯ ಇದಲ್ಲ. ಶುಂಠಿಯಿಂದ ಕೆಲವರಿಗೆ ಗುಣ ಕಾಣುತ್ತದೆ, ಮಿತವಾಗಿ ತಿಂದರೆ ಸಾಮಾನ್ಯವಾಗಿ ಹಾನಿಯಿಲ್ಲ. ಹೊಟ್ಟೆ ಖಾಲಿ ಬಿಡಬೇಡಿ, ಬಿರಿಯುವಷ್ಟು ತುಂಬಿಸಲೂಬೇಡಿ. ತಲೆ ತಗ್ಗಿಸಿ ಓದುವುದು, ಫೋನ್ ನೋಡುವುದು ಬೇಡ. ಮತ್ತೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅರಬ್ಬಿ ಸಮುದ್ರ ಒರಟು. ಆಗ ಹಡಗಿನ ಯಾವ ಮೂಲೆಯೂ ಸುಖದ ಜಾಗವಲ್ಲ.

ಮೇಷ್ಟ್ರಿಗೆ ಪ್ರಾಸ್ಟೇಟ್ ತೊಂದರೆಯಿತ್ತು. ಹಾಗಾಗಿ ಇಬ್ಬರಿಗೂ ಒಂದೇ ಚೀಟಿ ಬರೆಯುವಂತಿರಲಿಲ್ಲ. ಮಗನಿಗೆ ಅಲ್ಲಿಂದಲೇ ಫೋನು ಮಾಡಿಸಿದೆ. ‘ಅಪ್ಪ-ಅಮ್ಮನಿಗೆ ಕೆಳಗಿನ ಕೋಣೆಯೇ?’ ಎಂದು ಅವನಿಗೆ ಮುಜುಗರ. ಮೂತಿ, ಹಲಗೆ, ಅಡಿಕೆ ಮರದ ಕತೆಯನ್ನೆಲ್ಲ ಅವನಿಗೂ ಹೇಳಿದ ಮೇಲೆ ಒಪ್ಪಿದ. ನಡುಭಾಗದ, ಕೆಳಗಿನ ಅಂತಸ್ತಿನ, ಕಿಟಕಿಯಿದ್ದ ಒಂದು ಕೋಣೆ ಸಿಕ್ಕಿತು. ಅಮ್ಮನಿಗೆ ಮಾತ್ರೆ ಬರೆದುಕೊಟ್ಟೆ, ಮೇಷ್ಟ್ರಿಗೆ ಶುಂಠಿ.

ಡಿಸೆಂಬರಿನಲ್ಲಿ ಹೋಗಿ ಬಂದರು. ಬಂದ ಮಾರನೆಯ ದಿನವೇ ಅಮ್ಮ ಗಾಬರಿಯಿಂದ ಫೋನು ಮಾಡಿದರು: ಅಡುಗೆಮನೆಯಲ್ಲಿ ನಿಂತರೆ ಒಲೆಕಟ್ಟೆ ತೂಗಿದಂತಾಗುತ್ತದಂತೆ, ಹಳೆಯ ತಲೆಸುತ್ತು ಮರಳಿತೇ ಎಂದು. ಮಗ್ಗುಲು ಬದಲಿಸಿದಾಗ ಸುತ್ತುತ್ತದೆಯೇ ಎಂದು ಕೇಳಿದೆ, ಇಲ್ಲವೆಂದರು. ಹಡಗಿಗೆ ಒಗ್ಗತೊಡಗಿದ್ದ ಮಿದುಳು ನೆಲಕ್ಕೆ ಮತ್ತೆ ಒಗ್ಗಬೇಕಲ್ಲ, ಒಂದೆರಡು ದಿನ ಹೀಗಿರುತ್ತದೆ, ಮೀರಿದರೆ ಬನ್ನಿ ಎಂದೆ. ಬರಲಿಲ್ಲ. ಹಡಗಿನಲ್ಲಿ ವಾಂತಿಯಾಯಿತೇ ಎಂದು ಕೇಳಿದ್ದಕ್ಕೆ ನಕ್ಕರು. ‘ನನಗಿಲ್ಲ ಡಾಕ್ಟ್ರೇ, ಇವರಿಗೆ! ಎರಡನೇ ದಿನ ಗೋವಾದಲ್ಲಿ ಕೊಂಡ ಪೇಪರನ್ನ ಕೋಣೇಲಿ ಕೂತು ಮೊದಲ ಪುಟದಿಂದ ಕೊನೆ ಪುಟದವರೆಗೆ ಓದ್ತೀನಿ ಅಂತ ಹಟ ಹಿಡಿದರು.’