ಹುಂಜದ ದುಡ್ಡು, ಇಲಿಯ ಟೊಪ್ಪಿಗೆ

ಕಳೆದ ಬೇಸಗೆ ರಜೆಗೆ ಪುಣೆಯಿಂದ ಮೊಮ್ಮಗ ಹಲಸಂಗಿಗೆ ಬಂದಾಗ ಮೊದಲ ಎರಡು ದಿನ ನಮ್ಮಿಬ್ಬರ ನಡುವೆ ಮಾತೇ ಆಗಲಿಲ್ಲ. ಜಗಳವೇನೂ ಇರಲಿಲ್ಲ. ನನ್ನ ಎಡಗಿವಿ ಪೂರ್ತಿ ಹೋಗಿದೆ, ಬಲಗಿವಿಗೆ ಯಂತ್ರ. ಅವನಿಗೆ ಒಂಬತ್ತು ವರ್ಷ. ಶಾಲೆಯಲ್ಲಿ ಇಂಗ್ಲಿಷು, ಓಣಿಯಲ್ಲಿ ಮರಾಠಿ. ಕನ್ನಡವೆಂದರೆ ಅವನಪ್ಪ ಫೋನಿನಲ್ಲಿ ಊರವರ ಜೊತೆ ಗಟ್ಟಿಯಾಗಿ ಆಡುವ ಭಾಷೆ, ಅಷ್ಟೇ. ಅವನು ಮೆಲ್ಲಗೆ ಏನೋ ಅನ್ನುತ್ತಿದ್ದ, ನಾನು “ಆಂ?” ಅನ್ನುತ್ತಿದ್ದೆ. ಮೂರು ಸಲ “ಆಂ?” ಆದ ಮೇಲೆ “ಕಾಹೀ ನಾಹೀ, ಆಜೋಬಾ” ಎಂದು ಎದ್ದುಹೋಗುತ್ತಿದ್ದ. ಏನೂ ಇಲ್ಲ ಅಜ್ಜಾ, ಅಂತ. ನನ್ನ ಹೆಂಡತಿ ಇಬ್ಬರಿಗೂ ಲಿಂಬೆ ಪಾನಕ ಕೊಟ್ಟು ಇಬ್ಬರ ಮುಖವನ್ನೂ ನೋಡಿ ಒಳಗೆ ಹೋಗುತ್ತಿದ್ದಳು.

ಮೂರನೆಯ ದಿನ ಮಧ್ಯಾಹ್ನ ಅವನು ತನ್ನಪ್ಪನ ಹಳೆಯ ಮೊಬೈಲನ್ನು ನಮ್ಮ ಟಿ.ವಿ.ಗೆ ಜೋಡಿಸಿದ. ತೆರೆಯ ಮೇಲೆ ಒಂದು ಮೊಲ. ಅದರ ಉದ್ದನೆಯ ಕಿವಿಗಳ ಮೇಲೆ ಚೌಕಡಿ ಚೌಕಡಿ, ಲುಂಗಿಯ ಬಟ್ಟೆಯ ಹಾಗೆ. ಎತ್ತರದಲ್ಲಿ ಕೂತು ದುರ್ಬೀನಿನಿಂದ ಊರಿನ ಮಕ್ಕಳನ್ನು ನೋಡುತ್ತದೆ. ಯಾರಿಗಾದರೂ ತೊಂದರೆಯಾದರೆ ಆ ಕಿವಿಗಳನ್ನೇ ಫ್ಯಾನಿನಂತೆ ಗಿರಗಿರ ತಿರುಗಿಸಿ ಹಾರಿಬರುತ್ತದೆ. ಅರ್ಧ ಕಂತು ಮುಗಿಯುವ ಹೊತ್ತಿಗೆ ನನಗೊಂದು ಸಂಗತಿ ಹೊಳೆಯಿತು. ಇದರಲ್ಲಿ ಯಾರೂ ಮಾತಾಡುತ್ತಿಲ್ಲ! ಕಿವಿಯ ಯಂತ್ರ ತೆಗೆದು ಮೇಜಿನ ಮೇಲಿಟ್ಟೆ. ಏನೂ ನಷ್ಟವಾಗಲಿಲ್ಲ. ಮೊಲ ಬಿದ್ದಾಗ ಹುಡುಗನಿಗಿಂತ ಮೊದಲು ನಾನೇ ನಕ್ಕೆ. ಅವನು ಹೊರಳಿ ನೋಡಿದ.

ಮಕ್ಕಳೇ, ಈ ಮೊಲದ ಊರು ಹಂಗೇರಿ. ಯುರೋಪಿನ ನಡುವೆ, ಸಮುದ್ರದ ದಂಡೆಯೇ ಇಲ್ಲದ ಪುಟ್ಟ ದೇಶ. ಅದರ ರಾಜಧಾನಿ ಬುಡಾಪೆಸ್ಟ್‌ನಲ್ಲಿ ಪಾನ್ನೋನಿಯಾ ಎಂಬ ದೊಡ್ಡ ಸ್ಟುಡಿಯೊ ಇತ್ತು. ಕಂಪ್ಯೂಟರ್ ಇಲ್ಲದ ಕಾಲದಲ್ಲಿ ಅಲ್ಲಿನ ಕಲಾವಿದರು ಕೈಯಿಂದ ಬರೆದು ಬರೆದು ಇಂಥ ಚಿತ್ರಗಳನ್ನು ಮಾಡಿದರು. ಮೊಲದ ಕಥೆ ವೆರೋನಿಕಾ ಮಾರೇಕ್ ಎಂಬಾಕೆಯದು, ನಿರ್ದೇಶನ ಝೋಲ್ಟ್ ರಿಕ್ಲಿಯವರದು, 1970ರ ದಶಕದ್ದು. ಆ ದಶಕದಲ್ಲಿ ನಮ್ಮ ಜಿಲ್ಲೆಗೂ ಟಿ.ವಿ. ಬಂದಿತ್ತು ಎಂದರೆ ನನ್ನ ವಾರಿಗೆಯವರಿಗೆ ನೆನಪಾದೀತು. 1975ರ ಆಗಸ್ಟ್‌ನಿಂದ ಒಂದು ವರ್ಷ, ಅಮೆರಿಕದ ಉಪಗ್ರಹದ ಮೂಲಕ, ಆರು ರಾಜ್ಯಗಳ 2400 ಹಳ್ಳಿಗಳಿಗೆ ಸರಕಾರ ಟಿ.ವಿ. ತೋರಿಸಿತು. ವಿಜಾಪುರ, ಗುಲಬರ್ಗಾ, ರಾಯಚೂರು ಜಿಲ್ಲೆಗಳ ಹಳ್ಳಿಗಳೂ ಅದರಲ್ಲಿದ್ದವು. ಆಗಷ್ಟೇ ಬ್ಯಾಂಕಿಗೆ ಸೇರಿದ್ದ ನಾನು ಒಂದು ಹಳ್ಳಿಯ ಶಾಲೆಯ ಮುಂದೆ, ಕೋಳಿಗೂಡಿನ ತಂತಿಬಲೆಯಂಥ ಅಗಲ ಆಂಟೆನಾದ ಕೆಳಗೆ, ಜನರ ಹಿಂದೆ ತುದಿಗಾಲಲ್ಲಿ ನಿಂತು ನೋಡಿದ್ದೆ. ವರ್ಷವಾಯಿತು, ಉಪಗ್ರಹ ಹೋಯಿತು, ಪೆಟ್ಟಿಗೆ ಸುಮ್ಮನಾಯಿತು.

ಮರುದಿನ ಹುಡುಗ ತಾನಾಗಿ ಕರೆದ. ಇನ್ನೊಂದು ಸರಣಿ ಹುಡುಕಿಟ್ಟಿದ್ದ. ಹೆಸರು ‘ಗುಸ್ತಾವ್’, 120 ಕಂತು, ಒಂದೊಂದು ಐದೇ ನಿಮಿಷ. ಇದಕ್ಕೂ ಮಾತಿನ ಹಂಗಿಲ್ಲವೆನ್ನಬಹುದು. ಗುಸ್ತಾವ್ ಎಂದರೆ ದೊಡ್ಡ ಮೂಗಿನ, ಬೋಳುತಲೆಯ ಸಾಮಾನ್ಯ ಮನುಷ್ಯ. ಧೈರ್ಯ ತೋರಿಸಲು ಹೋಗಿ ಓಡಿಬರುತ್ತಾನೆ, ಚೊಕ್ಕಟವಾಗಿ ಬಾಳಬೇಕೆಂದು ಆಣೆ ಮಾಡಿ ಸಂಜೆಗೆ ಮರೆಯುತ್ತಾನೆ. ಹುಡುಗ ಅವನನ್ನೂ ನೋಡಿದ, ನನ್ನ ತಲೆಯನ್ನೂ ನೋಡಿದ, ಏನೂ ಅನ್ನದೆ ನಕ್ಕ. ಮೂವತ್ತೇಳು ವರ್ಷ ಗುಮಾಸ್ತನಾಗಿದ್ದವನಿಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ.

ಎಲ್ಲವೂ ನಗೆಯ ಚಿತ್ರಗಳೇ ಅಲ್ಲ. ಫೆರೆಂಟ್ಸ್ ರೋಫುಸ್ ಎಂಬವರ ‘ನೊಣ’ ಎಂಬ ಚಿತ್ರವಿದೆ, 1980ರದ್ದು. ಇರುವುದು ಸುಮಾರು ಮೂರು ನಿಮಿಷ. ಅದರಲ್ಲಿ ನೊಣ ನಮಗೆ ಕಾಣುವುದಿಲ್ಲ, ನೊಣಕ್ಕೆ ಕಂಡದ್ದು ನಮಗೆ ಕಾಣುತ್ತದೆ. ಕಾಡಿನಿಂದ ತೋಟಕ್ಕೆ, ತೋಟದಿಂದ ಒಂದು ಮನೆಯೊಳಕ್ಕೆ. ಯಾರೋ ಬೆನ್ನಟ್ಟುತ್ತಾರೆ. ಗೋಡೆ, ಛಾವಣಿ, ಕಿಟಕಿ ಎಲ್ಲ ಗರಗರ ತಿರುಗುತ್ತವೆ. ಕೊನೆ ಏನೆಂದು ಹೇಳುವುದಿಲ್ಲ, ಆದರೆ ನಮ್ಮ ಹುಡುಗ ಅವತ್ತು ಸಂಜೆ ಪಡಸಾಲೆಯ ನೊಣಗಳನ್ನು ಹೊಡೆಯಲು ಬಿಡಲಿಲ್ಲ. 1981ರಲ್ಲಿ ಈ ಚಿತ್ರಕ್ಕೆ ಆಸ್ಕರ್ ಬಂತು. ಪಾಪ, ಮಾಡಿದಾತ ಅಮೆರಿಕಕ್ಕೆ ಹೋಗಲಾಗಲಿಲ್ಲ. ಪ್ರಶಸ್ತಿಯನ್ನು ಅವರ ದೇಶದ ಚಿತ್ರಸಂಸ್ಥೆಯ ಅಧಿಕಾರಿಯೊಬ್ಬರು ವೇದಿಕೆಗೆ ಹೋಗಿ ಇಸಿದುಕೊಂಡರು.

ನನಗೆ ಲೆಕ್ಕದ ಚಟ. ಸಿನಿಮಾದಲ್ಲಿ ಸೆಕೆಂಡಿಗೆ 24 ಚೌಕಟ್ಟು ಓಡುತ್ತವೆ. ಮೂರು ನಿಮಿಷಕ್ಕೆ 180 ಸೆಕೆಂಡು. ಗುಣಿಸಿದರೆ 4320. ಸಾಮಾನ್ಯವಾಗಿ ಹಿಂದಿನ ಮನೆ, ಮರಗಳನ್ನು ಒಂದೇ ಸಲ ಬರೆದಿಟ್ಟು, ಕುಣಿಯುವ ಗೊಂಬೆಯನ್ನು ಮಾತ್ರ ಪಾರದರ್ಶಕ ಹಾಳೆಯ ಮೇಲೆ ಮತ್ತೆ ಮತ್ತೆ ಬರೆಯುತ್ತಾರೆ. ಇಲ್ಲಿ ನೊಣದ ಜೊತೆ ಇಡೀ ಲೋಕವೇ ಚಲಿಸುವುದರಿಂದ ಆ ಅನುಕೂಲವೇ ಇಲ್ಲ. ಪ್ರತಿ ಚಿತ್ರವನ್ನೂ ಹೊಸದಾಗಿ ಬರೆಯಬೇಕು.

ಇದನ್ನು ಹುಡುಗನಿಗೆ ಬಾಯಲ್ಲಿ ತಿಳಿಸಲು ಹೋಗಿ ಸೋತು, ಅಟ್ಟದಿಂದ ಹಳೆಯ ಪುಟ್ಟ ಡೈರಿಗಳನ್ನು ಇಳಿಸಿದೆ. ಬ್ಯಾಂಕಿನಲ್ಲಿ ಹೊಸ ವರ್ಷಕ್ಕೆ ಕೊಡುತ್ತಿದ್ದವು, ಬರೆಯದೆ ಉಳಿದವು. ಪ್ರತಿ ಹಾಳೆಯ ಮೂಲೆಯಲ್ಲಿ ಒಂದು ಚೆಂಡು ಬರೆದೆ, ಒಂದಕ್ಕಿಂತ ಒಂದು ಕೂದಲೆಳೆಯಷ್ಟು ಮೇಲೆ. ನಲವತ್ತು ಹಾಳೆ ಆದ ಮೇಲೆ ಅವನ ಕೈಗೆ ಕೊಟ್ಟೆ. ಸರಿಯಾಗಿ ಬಿಡಲು ಅವನಿಗೆ ಬರಲಿಲ್ಲ, ಹಾಳೆಗಳು ಗುಂಪುಗುಂಪಾಗಿ ಬಿದ್ದವು. ನಾನು ತೆಗೆದುಕೊಂಡು, ನೋಟಿನ ಕಟ್ಟು ಪರೀಕ್ಷಿಸುವ ಹಾಗೆ ಹೆಬ್ಬೆರಳಿನಿಂದ ಸರ್ರನೆ ಬಿಟ್ಟೆ. ಚೆಂಡು ನೆಗೆಯಿತು! ಕಿವಿ ಹೋದರೂ ಹೆಬ್ಬೆರಳು ಇನ್ನೂ ನೌಕರಿಯಲ್ಲಿದೆ.

ನಿಜವಾದ ಮಾತು ಶುರುವಾದದ್ದು ಮಾತ್ರ ನನ್ನ ಅಕ್ಕನಿಂದ. ಆಕೆಗೆ 86. ನಮ್ಮ ಜೊತೆಯೇ ಇದ್ದಾಳೆ. ಕಣ್ಣಿನ ನರ ಸೋತು ಈಗ ಬೆಳಕು, ನೆರಳು ಅಷ್ಟೇ ಕಾಣುತ್ತದೆ. ನಾವು ನಗುವುದನ್ನು ಕೇಳಿ ಕೇಳಿ ಒಂದು ದಿನ ಕೋಲೂರಿಕೊಂಡು ಬಂದು, “ಏನ್ ನೋಡಾಕತ್ತೀರಿ, ನನಗೂ ಹೇಳ್ರೆಪಾ” ಎಂದು ಕೂತಳು. ಆಗ ಓಡುತ್ತಿದ್ದದ್ದು 1951ರ ಚಿತ್ರ, ಗ್ಯುಲಾ ಮಾಚ್ಕಾಶಿ ಮಾಡಿದ್ದು, ಹಂಗೇರಿಯ ಮೊದಲ ಬಣ್ಣದ ಕಾರ್ಟೂನ್ ಎಂದು ಹೆಸರಾದದ್ದು. ಅದರಲ್ಲಿ ಹಂಗೇರಿ ಭಾಷೆಯ ಮಾತಿತ್ತು, ಕೆಳಗೆ ಸಣ್ಣ ಇಂಗ್ಲಿಷ್ ಅಕ್ಷರ ಓಡುತ್ತಿದ್ದವು. ಓದಲು ನನಗೆ ವೇಗ ಸಾಲದು. ಅಕ್ಕನಿಗೆ ಹೇಳಬಲ್ಲವನು ಹುಡುಗ ಒಬ್ಬನೇ. ಆಕೆಗೆ ಬರುವುದು ಕನ್ನಡ ಒಂದೇ.

“ಕೋಳಿ... ಗಂಡು ಕೋಳಿ. ಪೈಸಾ ಸಿಕ್ತು.”

“ಹುಂಜ ಅನ್ನೋ ಮಗಾ.”

“ಹುಂಜ. ರಾಜಾ ತಗೊಂಡ.”

“ತಗೊಂಡ ಅಲ್ಲ, ಕಸಗೊಂಡ ಅನ್ನು. ಮುಂದ?”

ಹುಂಜಕ್ಕೆ ತಿಪ್ಪೆ ಕೆದಕುವಾಗ ಸಿಕ್ಕಿದ್ದು ವಜ್ರದ ಅರ್ಧ ದುಡ್ಡು. ತುರ್ಕಿಯ ಸುಲ್ತಾನ ಅದನ್ನು ಕಸಿದುಕೊಳ್ಳುತ್ತಾನೆ. ಹಂಗೇರಿಯ ಬಹುಭಾಗವನ್ನು ತುರ್ಕರು ನೂರೈವತ್ತು ವರ್ಷದಷ್ಟು ಆಳಿದ್ದರಿಂದ ಅವರ ಕಥೆಗಳಲ್ಲಿ ಅವನು ಬಂದೇ ಬರುತ್ತಾನೆ. ಹುಂಜ ಬಿಡುವುದಿಲ್ಲ, ಕಿಟಕಿಯಲ್ಲಿ ಕೂತು ಕೂಗುತ್ತದೆ. ಬಾವಿಗೆ ಎಸೆದರೆ ಬಾವಿಯ ನೀರೆಲ್ಲ ಕುಡಿಯುತ್ತದೆ. ಒಲೆಗೆ ಹಾಕಿದರೆ ಆ ನೀರು ಉಗುಳಿ ಬೆಂಕಿ ಆರಿಸುತ್ತದೆ. ಜೇನುಗೂಡಿಗೆ ಹಾಕಿದರೆ ಹುಳುಗಳನ್ನೆಲ್ಲ ನುಂಗುತ್ತದೆ. ಕೊನೆಗೆ ಸುಲ್ತಾನ ಅದನ್ನು ತನ್ನ ದೊಗಲೆ ಚಲ್ಲಣದೊಳಗೆ ಹಾಕಿಕೊಂಡು ಕೂತುಬಿಡುತ್ತಾನೆ! ಜೇನುಹುಳಕ್ಕೆ ಕನ್ನಡ ಸಿಗದೆ ಹುಡುಗ ಗುಂಯ್ ಗುಂಯ್ ಎಂದು ಎದ್ದು ಕುಣಿದು ತೋರಿಸಿದ. ಅಕ್ಕನಿಗೆ ಕುಣಿತ ಕಾಣದು, ಗುಂಯ್ ಅನ್ನುವುದು ಸಾಕಾಯಿತು. ಕೆಮ್ಮು ಬರುವ ತನಕ ನಕ್ಕಳು.

ನಕ್ಕು ಸುಧಾರಿಸಿಕೊಂಡು, “ತಮ್ಮಾ, ಇದು ನಮ್ಮ ಇಲಿ ಟೊಪ್ಪಿಗಿ ಕತಿ ಅಲ್ಲೇನೋ?” ಅಂದಳು. ಇಲಿಗೆ ದಾರಿಯಲ್ಲಿ ಬಟ್ಟೆಯ ಚೂರು ಸಿಗುತ್ತದೆ. ಅಗಸರವನ ಹತ್ತಿರ ಒಗೆಸಿ, ಸಿಂಪಿಗನ ಹತ್ತಿರ ಟೊಪ್ಪಿಗೆ ಹೊಲಿಸಿ, ಗೊಂಡೆ ಹಚ್ಚಿಸಿ, ಡೋಲು ಬಾರಿಸುತ್ತ ಹೊರಡುತ್ತದೆ. ಅರಸ ಟೊಪ್ಪಿಗೆ ಕಸಿದುಕೊಂಡರೆ ಅರಸ ಭಿಕಾರಿ ಎಂದು ಡೋಲು ಬಡಿಯುತ್ತದೆ. ನಾಚಿ ತಿರುಗಿ ಕೊಟ್ಟರೆ ಅರಸ ನನಗಂಜಿದ ಎಂದು ಬಡಿಯುತ್ತದೆ. ಅಕ್ಕ ಡೋಲಿನ ತನಕ ಬಂದಿದ್ದಳೋ ಇಲ್ಲವೋ, ಹುಡುಗ ಚೀರಿದ. ಅವನಿಗೆ ಮರಾಠಿಯಲ್ಲಿ ಈ ಕಥೆ ಪೂರ್ತಿ ಗೊತ್ತು, ಬಾಲವಾಡಿಯಲ್ಲೇ ಕಲಿಸಿದ್ದರು!

ಈ ಊರಲ್ಲಿ ಇಂಥದ್ದಕ್ಕೆ ಆಶ್ಚರ್ಯಪಡಬಾರದು. ಮಧುರಚೆನ್ನ, ಸಿಂಪಿ ಲಿಂಗಣ್ಣ, ಕಾಪಸೆ ರೇವಪ್ಪ, ಧೂಲಾಸಾಹೇಬ ಮೊದಲಾದ ಹಲಸಂಗಿಯ ಗೆಳೆಯರು ಬೀಸುವ, ಕುಟ್ಟುವ ಹೆಣ್ಣುಮಕ್ಕಳ ಬಾಯಿಂದ ಹಾಡು ಕೂಡಿಸಿ 1931ರಲ್ಲಿ ‘ಗರತಿಯ ಹಾಡು’ ತಂದವರು. ಹಂಗೇರಿಯಲ್ಲಿ ಅದಕ್ಕೆ ಕಾಲು ಶತಮಾನ ಮೊದಲು ಬಾರ್ತೋಕ್, ಕೊದಾಯಿ ಎಂಬ ಇಬ್ಬರು ಸಂಗೀತಗಾರ ಗೆಳೆಯರು ಹಳ್ಳಿ ಹಳ್ಳಿ ತಿರುಗಿ, ಮೇಣದ ಉರುಳೆಗಳ ಮೇಲೆ ರೈತರ ಹಾಡು ಹಿಡಿದಿದ್ದರು. 1980ರಿಂದ ಅಲ್ಲಿಯ ಕೆಚ್ಕೆಮೇಟ್ ಊರಿನ ಸ್ಟುಡಿಯೊ ತಮ್ಮ ಜನಪದ ಕಥೆಗಳ ನೂರು ಕಿರುಚಿತ್ರ ಮಾಡಿತು. ಹೂಬಳ್ಳಿಯೆಲ್ಲ ಅವರ ಕಸೂತಿ, ಮಡಕೆಗಳ ಮೇಲಿನವು. ನೋಡಿದರೆ ನಮ್ಮ ಕೌದಿ ನೆನಪಾಗುತ್ತದೆ.

ಅಕ್ಕನ ಕಥೆಯನ್ನು ಮೊಬೈಲಿನಲ್ಲಿ ಹಿಡಿಯೋಣವೆಂದು ಕೂತೆವು. ಟೊಪ್ಪಿಗೆ ತಿರುಗಿ ಬರುವ ತನಕ ಚೆನ್ನಾಗಿ ಹೇಳಿದಳು. ಆಮೇಲೆ ನಿಂತಳು. “ಇಲ್ಲಿಗೇ ಮುಗ್ಯಾಂಗಿಲ್ಲ. ಮುಂದ ಇನ್ನೊಂದು ಇತ್ತು. ಅವ್ವ ಬೀಸೂ ಮುಂದ ಹೇಳೂಕಿ. ಇಲಿ ಎಲ್ಲಿಗೋ ಹೋಗ್ತದ...” ಹುಡುಗ, ತನಗೆ ಗೊತ್ತಿರುವ ಕಥೆ ಅಲ್ಲಿಗೇ ಮುಗಿಯುತ್ತದೆ ಎಂದ. ಅಕ್ಕ ಒಪ್ಪಲಿಲ್ಲ. ಓಣಿಯ ಮೂರು ಮನೆಗಳಲ್ಲಿ ಕೇಳಿದೆವು. ಅಕ್ಕನ ವಾರಿಗೆಯವರು ಯಾರೂ ಉಳಿದಿಲ್ಲ, ಅವರ ಸೊಸೆಯಂದಿರಿಗೆ ಟೊಪ್ಪಿಗೆಯ ತನಕ ಗೊತ್ತು. ನನಗೂ ಅಷ್ಟೇ ಗೊತ್ತು. ಅದೇ ಅವ್ವನ ಮಗ ನಾನು, ಬೀಸುಕಲ್ಲಿನ ಮುಂದೆ ಕೂತು ಕೇಳಿದ್ದರೆ ತಾನೆ.

ಹುಡುಗ 1998ರ ಡೈರಿಯಲ್ಲಿ ಇಲಿಯನ್ನು ಬರೆಯಲು ಹಿಡಿದ. ಡೋಲು ಬಡಿಯುವ ಕೈ ಬಹಳ ಚೆಂದ ಬಂದಿದೆ. ಟೊಪ್ಪಿಗೆ ಹಾಕಿಕೊಂಡು ಇಲಿ ಹೊರಡುವಷ್ಟಕ್ಕೆ ಅವನ ರಜೆ ಮುಗಿಯಿತು. ಡೈರಿಯಲ್ಲಿ ಆಗಸ್ಟ್ ತಿಂಗಳಿನಿಂದ ಮುಂದೆ ಹಾಳೆ ಖಾಲಿ.

ಈಗ ರವಿವಾರ ಫೋನು ಬರುತ್ತದೆ. ಮೊದಲು “ಮುತ್ಯಾ, ಆರಾಮ?” ಎಂದು ನನ್ನ ಬಲಗಿವಿಗೆ ಕೇಳುವಷ್ಟು ಗಟ್ಟಿಯಾಗಿ ಕೂಗುತ್ತಾನೆ. ನಂತರ ಫೋನನ್ನು ಅಕ್ಕನ ಹತ್ತಿರ ಒಯ್ಯಬೇಕು.

“ದೊಡ್ಡಾಯೀ, ನೆನಪಾತೇನು?”

“ಇನ್ನೂ ಇಲ್ಲೋ ಮಗಾ. ಬರೂ ರವಿವಾರ ಕೇಳು.”