ಮುಂಗೈ ಎಲುಬಿನ ಪೋಷಕ ರಂಧ್ರ

ಕಳೆದ ಬೇಸಿಗೆಯಲ್ಲಿ ನಮ್ಮ ಅತ್ತಿಗೆಯವರು ಅಂಗಳದಲ್ಲಿ ಜಾರಿ, ಬಲಗೈ ಊರಿ ಬಿದ್ದರು. ಎಕ್ಸ್‌ರೇ ಚಿತ್ರವನ್ನು ಬೆಳಕಿಗೆ ಹಿಡಿದ ವೈದ್ಯರು ಮರಾಠಿಯಲ್ಲಿಯೂ ನಡುನಡುವೆ ಇಂಗ್ಲಿಷಿನಲ್ಲಿಯೂ ವಿವರಿಸಿದರು. ಅತ್ತಿಗೆಯವರ ಮರಾಠಿ ಸಂತೆಯ ವ್ಯವಹಾರಕ್ಕೆ ಸಾಕಾಗುವಷ್ಟೇ. ಮುರಿದದ್ದು ಮಣಿಕಟ್ಟಿನ ಬಳಿ. ಮೇಲೆ ನಡುಭಾಗದಲ್ಲಿ ಓರೆಯಾಗಿ ಕಾಣುವ ಸಣ್ಣ ಕಪ್ಪು ಗೆರೆ ಬಿರುಕಲ್ಲ, ಅದು ‘ನ್ಯೂಟ್ರಿಯೆಂಟ್ ಫೊರಾಮೆನ್’ ಮೂಲಕ ರಕ್ತನಾಳ ಒಳಹೋಗುವ ಹಾದಿ ಎಂಬುದು ಅವರ ಮಾತಿನ ಸಾರ. ಕನ್ನಡ ಮಾಸ್ತರನೆಂಬ ಹಮ್ಮಿನಲ್ಲಿ ನಾನು ‘ಪೋಷಕ ರಂಧ್ರ’ ಎಂದು ಕನ್ನಡಿಸಿದೆ. “ರಂಧ್ರ ಅಂದ್ರ ತೂತಲ್ಲೇನೋ ತಮ್ಮಾ? ಎಲುಬಿಗಿ ತೂತ ಬಿದ್ದೈತೇನು?” ಎಂದು ಅತ್ತಿಗೆ ಗಾಬರಿಯಾದರು. ಭಾಷಾಂತರ ಶುದ್ಧವಾಗಿಯೇ ಇತ್ತು. ಆದರೆ ಕೇಳಿದವರಿಗೆ ಅದು ಭಯವನ್ನಲ್ಲದೆ ಬೇರೇನನ್ನೂ ಕೊಡಲಿಲ್ಲ. ಆ ಸೋಲಿನ ಬಳಿಕ ಈ ವಿಷಯವನ್ನು ಓದಿ ತಿಳಿದುಕೊಂಡೆ.

ಮುಂಗೈಯಲ್ಲಿ ಎರಡು ಎಲುಬುಗಳಿವೆ. ಹೆಬ್ಬೆರಳಿನ ಕಡೆಯದು ರೇಡಿಯಸ್, ಕಿರುಬೆರಳಿನ ಕಡೆಯದು ಅಲ್ನಾ. ಲ್ಯಾಟಿನ್ನಿನಲ್ಲಿ ‘ರೇಡಿಯಸ್’ ಎಂದರೆ ಗಾಲಿಯ ಅರ. ನಮ್ಮ ದುಧನಿಯ ಮರಾಠಿ ಮಾತಿನಲ್ಲಿ ‘ಆರಾ’. ಗಣಿತದಲ್ಲಿ ನೀವು ಕಲಿತ ತ್ರಿಜ್ಯಕ್ಕೂ ಇಂಗ್ಲಿಷಿನಲ್ಲಿ ಇದೇ ಹೆಸರು. ‘ಅಲ್ನಾ’ ಎಂದರೆ ಮೊಣಕೈ. ಸಂಸ್ಕೃತದ ‘ಅರತ್ನಿ’ ಇದರ ಬಂಧುಶಬ್ದವೆಂದು ಭಾಷಾಶಾಸ್ತ್ರಜ್ಞರ ಮತ. ಅರತ್ನಿ ಅಂಗದ ಹೆಸರೂ ಹೌದು, ನಮ್ಮ ಮೊಳದಂತೆ ಅಳತೆಯೂ ಹೌದು. ಚರಕಸಂಹಿತೆಯಲ್ಲಿ ಹಲ್ಲು, ಉಗುರುಗಳನ್ನೂ ಕೂಡಿಸಿ ಅಸ್ಥಿಗಳು 360; ಸುಶ್ರುತನಲ್ಲಿ 300; ಇಂದಿನ ಲೆಕ್ಕ 206. ಮೊತ್ತಗಳು ಹೀಗೆ ಹೊಂದದಿದ್ದರೂ, ಎರಡು ಅರತ್ನಿಗಳಲ್ಲಿ ನಾಲ್ಕು ಅಸ್ಥಿಗಳೆಂಬ ಚರಕನ ಎಣಿಕೆ ಇಂದಿನದಕ್ಕೆ ಸರಿಹೊಂದುತ್ತದೆ. ಹಿಂದಿಯ ಪಾರಿಭಾಷಿಕರು ರೇಡಿಯಸ್ಸನ್ನು ‘ಬಹಿಃಪ್ರಕೋಷ್ಠಿಕಾ’ ಎಂದಿದ್ದಾರೆ. ಅರದ ಎಲುಬು ಎಂದರೆ ಚಕ್ಕಡಿ ಕಂಡ ಯಾರಿಗಾದರೂ ತಿಳಿದೀತೆಂದು ನನ್ನ ಅಭಿಪ್ರಾಯ.

ಎಲುಬನ್ನು ನಾವು ಒಣಗಿದ ಕಟ್ಟಿಗೆಯಂತೆ ಭಾವಿಸುತ್ತೇವೆ. ಅದು ಜೀವಂತ ಅಂಗ. ಅದಕ್ಕೂ ರಕ್ತ ಬೇಕು. ತೋಳಿನ ಅಪಧಮನಿ ಮೊಣಕೈಯ ಕೆಳಗೆ ಎರಡಾಗಿ ಕವಲೊಡೆಯುತ್ತದೆ. ಕಿರುಬೆರಳಿನ ಕಡೆಗೆ ಹೋಗುವ ಕವಲಿನಿಂದ ಹುಟ್ಟಿದ ಒಂದು ಶಾಖೆ, ಎರಡೂ ಎಲುಬುಗಳ ನಡುವಣ ಪೊರೆಯ ಮುಂಬದಿಯಲ್ಲಿ ಕೆಳಗಿಳಿಯುತ್ತದೆ. ಅದರಿಂದ ಒಂದೊಂದು ಎಲುಬಿಗೆ ಒಂದೊಂದು ಸಣ್ಣ ನಾಳ ಹೊರಟು ರಂಧ್ರದಲ್ಲಿ ಒಳಹೋಗುತ್ತದೆ. ಅಂಗೈ ಮೇಲ್ಮುಖವಾಗಿದ್ದಾಗ ಮುಂದಿನ ಮೈಯಲ್ಲಿ, ನಡುವಿಗಿಂತ ತುಸು ಮೇಲೆ, ಮೊಣಕೈಯ ಕಡೆಗೆ ಈ ರಂಧ್ರ ಸಾಮಾನ್ಯವಾಗಿ ಇರುತ್ತದೆ. ಹೆಚ್ಚಿನ ಎಲುಬುಗಳಲ್ಲಿ ಒಂದೇ, ಕೆಲವದರಲ್ಲಿ ಎರಡು, ಅಪರೂಪಕ್ಕೆ ಒಂದೂ ಇಲ್ಲ. ಇಲ್ಲದಾಗ ಎಲುಬಿನ ಹೊರಪೊರೆಯ ನಾಳಗಳೇ ಆಸರೆ. ಒಳಹೊಕ್ಕ ನಾಳ ಮೇಲಕ್ಕೂ ಕೆಳಕ್ಕೂ ಕವಲೊಡೆದು ಮಜ್ಜೆಯನ್ನೂ, ಗಟ್ಟಿಗೋಡೆಯ ಒಳಗಿನ ಮೂರರಲ್ಲಿ ಎರಡು ಪಾಲನ್ನೂ ಪೋಷಿಸುತ್ತದೆ. ಉಳಿದ ಹೊರಪಾಲು ಹೊರಪೊರೆಯದು.

ಈ ಹಾದಿ ನೇರವಾಗಿ ಒಳಗಿಳಿಯದೆ ಮೊಣಕೈಯತ್ತ ಓರೆಯಾಗಿ ಸಾಗುತ್ತದೆ. ವೈದ್ಯವಿದ್ಯಾರ್ಥಿಗಳು ಇದಕ್ಕೊಂದು ಸೂತ್ರ ಮಾಡಿಕೊಂಡಿದ್ದಾರೆ: ಕೈಯಲ್ಲಿ ಮೊಣಕೈಯ ಕಡೆಗೆ, ಕಾಲಿನಲ್ಲಿ ಮೊಣಕಾಲಿನಿಂದ ದೂರಕ್ಕೆ. ಕಾರಣ ಬೆಳವಣಿಗೆಯಲ್ಲಿದೆ. ನೀಳ ಎಲುಬು ತನ್ನ ತುದಿಗಳಲ್ಲಿ ಉದ್ದವಾಗುತ್ತದೆ, ಆದರೆ ಎರಡೂ ತುದಿ ಸಮನಾಗಿ ಬೆಳೆಯುವುದಿಲ್ಲ. ಅರದ ಎಲುಬಿನ ಉದ್ದದಲ್ಲಿ ಸುಮಾರು 75 ಪಾಲು, ಅಲ್ನಾದಲ್ಲಿ ಸುಮಾರು 80 ಪಾಲು ಮಣಿಕಟ್ಟಿನ ತುದಿಯಿಂದಲೇ ಬರುತ್ತದೆ. ಬೆಳೆಯುವಾಗ ಹೊರಪೊರೆ ಮಣಿಕಟ್ಟಿನತ್ತ ಸರಿಯುತ್ತ ನಾಳದ ಹೊರಬಾಯಿಯನ್ನೂ ಜೊತೆಗೆ ಎಳೆದೊಯ್ಯುತ್ತದೆ. ಒಳತುದಿ ಇದ್ದಲ್ಲಿಯೇ ಉಳಿಯುತ್ತದೆ. ಹಾದಿ ಓರೆಯಾಗುವುದು ಹೀಗೆಂದು ವಿವರಣೆ.

ಈ ಓರೆಯೇ ಎಕ್ಸ್‌ರೇ ನೋಡುವವರನ್ನು ಮೋಸಗೊಳಿಸುತ್ತದೆ. ಹಾದಿಯಾದರೆ ಅಂಚು ನುಣುಪು, ಎಲುಬಿನ ಒಂದೇ ಗೋಡೆಯನ್ನು ದಾಟುತ್ತದೆ, ಮೊಣಕೈಯತ್ತ ವಾಲಿರುತ್ತದೆ. ಬಿರುಕಿಗೆ ಈ ಶಿಸ್ತಿಲ್ಲ. ಶಸ್ತ್ರವೈದ್ಯರಿಗೂ ರಂಧ್ರದ ನೆಲೆ ಮುಖ್ಯ: ಮುರಿದ ನಡುಭಾಗಕ್ಕೆ ಲೋಹದ ಪಟ್ಟಿ ಕೂಡಿಸುವಾಗ ಹೊರಪೊರೆಯನ್ನು ವಿಪರೀತ ಸುಲಿದು ಈ ನಾಳವನ್ನೂ ಕಡಿದರೆ ಎಲುಬು ಕೂಡುವುದು ತಡವಾದೀತು. ಅದಕ್ಕೆಂದೇ ಒಣ ಎಲುಬುಗಳನ್ನು ಅಳೆದು ನೆಲೆಯನ್ನು ಅಂಕಿಯಲ್ಲಿ ಹೇಳುವ ರೂಢಿಯಿದೆ. ಮೇಲ್ತುದಿಯಿಂದ ರಂಧ್ರಕ್ಕಿರುವ ದೂರವನ್ನು ಒಟ್ಟು ಉದ್ದದಿಂದ ಭಾಗಿಸಿ 100ರಿಂದ ಗುಣಿಸುವುದು. 24 ಸೆಂಟಿಮೀಟರ್ ಎಲುಬಿನಲ್ಲಿ ರಂಧ್ರ 8.4ರಲ್ಲಿದ್ದರೆ ಸೂಚ್ಯಂಕ 35.

ಅತ್ತಿಗೆಯವರದು 1814ರಲ್ಲಿ ಐರ್ಲೆಂಡಿನ ಅಬ್ರಹಾಂ ಕೋಲ್ಸ್ ವರ್ಣಿಸಿದ ಬಗೆಯ ಮುರಿತ, ಅರದ ಎಲುಬಿನ ಕೆಳತುದಿಯದು. ಆ ತುದಿ ಸ್ಪಂಜಿನಂತಿದ್ದು, ಸುತ್ತಲಿನ ನಾಳಗಳಿಂದ ಸ್ವತಂತ್ರವಾಗಿ ರಕ್ತ ಪಡೆಯುತ್ತದೆ. ಓದಿಕೊಂಡ ಮೇಲೆ ಒಂದು ಸಂಜೆ ಅವರ ಬಳಿ ಕುಳಿತು ಮತ್ತೆ ಹೇಳಿದೆ: ಮಡಿಗೆ ನೀರು ಹಾಯಲು ಕಾಲುವೆಯಿಂದ ಬಾಯಿ ಬಿಟ್ಟಿರುತ್ತಾರಲ್ಲ, ಚಿತ್ರದಲ್ಲಿ ಕಂಡದ್ದು ಅಂಥ ನೆತ್ತರ ಬಾಯಿ, ಎಲ್ಲರ ಎಲುಬಿಗೂ ಇರುವಂಥದು. ಅವರು ಸ್ವಲ್ಪ ಹೊತ್ತು ಯೋಚಿಸಿ, “ಹಂಗಾದ್ರ ಮುರಿದದ್ದು ಕೆಳಗಿನ ಮಡಿ. ಅಲ್ಲಿಗಿ ನೀರ ಬರೂದು ಬ್ಯಾರೆ ಕಾಲಿವಿ” ಎಂದರು. ಆರು ವಾರಕ್ಕೆ ಪ್ಲಾಸ್ಟರು ತೆಗೆದಾಗ ಎಲುಬು ಕೂಡಿತ್ತು; ರೊಟ್ಟಿ ಬಡಿಯಲು ಇನ್ನೂ ಎರಡು ತಿಂಗಳು ಹಿಡಿಯಿತು.